ಹತ್ತು ಎಣಿಸುವವರೆಗೆ

ಮೇಲಿನವರಿಗೆ ಉತ್ತರಿಸುವ ಮುನ್ನ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವುದು ನನ್ನ ಅಭ್ಯಾಸ. ಮನೆತನದ ಮೊದಲ ಪದವೀಧರನ ಬಾಯಿಂದ ತಪ್ಪು ವಾಕ್ಯ ಹೊರಬೀಳಬಾರದಲ್ಲ! ಆದರೆ ಎದೆ ಹೊಡೆದುಕೊಂಡಷ್ಟೂ ಎಣಿಕೆ ಓಡುತ್ತದೆ. ಹತ್ತು ಮುಗಿದರೂ ವಾಕ್ಯ ಸಿದ್ಧವಾಗಿರುವುದಿಲ್ಲ. ಈ ದಿವ್ಯ ವಿಧಾನವನ್ನೇ ನಾನು ಕಂಪ್ಯೂಟರಿಗೂ ಕಲಿಸಿದೆ.

ತಾಂಡೂರಿನ ತೊಗರಿಬೇಳೆ ಗಿರಣಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಚೀಲಕ್ಕೆ ಬೇಳೆ ಸುರಿಯುವ ಬಾಗಿಲನ್ನು ಅದು ತೆರೆದು, ಹತ್ತು ಸೆಕೆಂಡು ಕಾದು, ಮುಚ್ಚಬೇಕು. ಯಂತ್ರಕ್ಕೆ ಕಾಯುವುದನ್ನು ಹೇಳುವುದು ಹೇಗೆ? ಬೇರೇನನ್ನೂ ಮಾಡದೆ ಇಂತಿಷ್ಟು ಲಕ್ಷದವರೆಗೆ ಸುಮ್ಮನೆ ಎಣಿಸಬೇಕೆಂದು ಬರೆದೆ. ಏನೂ ಮಾಡದೆ ವೇಳೆ ಕಳೆಯುವುದನ್ನು ಕಲಿಸಲು ಒಂದು ಪದವಿ ಬೇಕಾಯಿತೆಂಬುದು ನನ್ನ ಹೆಮ್ಮೆ.

ಕಳೆದ ತಿಂಗಳು ಆ ಮುದಿ ಕಂಪ್ಯೂಟರ್ ತೀರಿಕೊಂಡಿತು. ಗಿರಣಿಯ ಒಡೆಯರಾದ ಸಾವಕಾರರು ತಂದ ಹೊಸದು ಮಹಾ ಚುರುಕು. ನನ್ನ ಲಕ್ಷಗಳನ್ನೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಎಣಿಸಿ, ಬಾಗಿಲು ತೆರೆದದ್ದೇ ಮುಚ್ಚಿಬಿಟ್ಟಿತು. ಚೀಲದ ತಳದಲ್ಲಿ ಒಂದು ಹಿಡಿ ಬೇಳೆ.

“ಏನ್ರಿ ಸರ, ಪ್ರಸಾದ ಹಂಚಾಕ ಹತ್ತೀರೇನು?” ಎಂದರು ಚೀಲ ಹೊಲಿಯುವ ಶಾಂತಮ್ಮ.

ಸಾವಕಾರರು ನಗಲಿಲ್ಲ. “ಸಂಜಿತನಕ ನೋಡ್ತೀನ್ರಿ. ಆಗಲಿಲ್ಲಂದ್ರ ಮೊದಲಿನಂಗ ಆಳಿನ ಕೈಲೆ ಬಾಗಲದ ಹಗ್ಗಾ ಜಗ್ಗಸ್ತೀನಿ. ನೀವು ನಾಳಿಂದ ಬರಬ್ಯಾಡ್ರಿ.”

ಅತ್ತ ನನ್ನೂರು ಝರಾಸಂಗಂನಲ್ಲಿ ತಂದೆಯವರು ಈ ನೌಕರಿಯ ಸುದ್ದಿಯನ್ನು ಬಸ್ಸಿನ ಕಂಡಕ್ಟರನಿಗೂ ಬಿಡದೆ ಹೇಳಿದ್ದರು. ವಿದ್ಯಾವಂತನಿಗೆ ತಕ್ಕಂತೆ ನಾನು ಲಕ್ಷಗಳನ್ನು ಕೋಟಿಗಳನ್ನಾಗಿಸಿದೆ. ಸರಿಹೋಯಿತು ಎನ್ನುವಷ್ಟರಲ್ಲಿ ಯಂತ್ರ ಬಿಸಿಯಾಗಿ ನಿಧಾನಿಸಿತು. ಬೇಳೆ ಚೀಲ ಮೀರಿ ಶಾಂತಮ್ಮನವರ ಕಾಲ ಮೇಲೆ ಹರಿಯಿತು.

“ಎಣಸೂದು ಬಿಡ್ರಿ ಸರ,” ನಾನು ಲಕ್ಷ, ಕೋಟಿ ಎಂದು ಗೊಣಗುವುದನ್ನು ಕೇಳುತ್ತಿದ್ದ ಅವರು ಕಾಲು ಜಾಡಿಸಿದರು. “ನಾನೂ ಮೊದಲ ನೂರು ಎಣಿಸಿ ಚಾ ಇಳಸ್ತಿದ್ದೆ. ಸಾವಕಾರ್ರು ‘ಚಾ ಆತೇನು’ ಅಂತ ಒದರಿದ್ರ ಎಣಿಕಿ ಓಡತಿತ್ತು, ಚಾ ನೀರಾಗತಿತ್ತು. ಈಗ ಗ್ವಾಡಿ ಮ್ಯಾಲಿನ ಘಡಿ ನೋಡ್ತೀನಿ. ಅದಕ ಸಾವಕಾರ್ರ ಅಂಜಿಕಿ ಇಲ್ಲ.”

ಕಂಪ್ಯೂಟರಿನೊಳಗೂ ಅಂಥದೊಂದು ಗಡಿಯಾರವಿದೆ. ಯಂತ್ರ ಮುದಿಯಾಗಿರಲಿ, ಚುರುಕಾಗಿರಲಿ, ಅದು ಸೆಕೆಂಡಿಗೆ ಹದಿನೆಂಟಕ್ಕಿಂತ ತುಸು ಹೆಚ್ಚು ಬಾರಿ ತನ್ನ ಪಾಡಿಗೆ ಮಿಡಿಯುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಪೂರ್ಣಾಂಕ ಪಡೆದಿದ್ದೆ; ಆದ್ದರಿಂದಲೇ ಮರೆತಿದ್ದೆ. ಎಣಿಕೆಯನ್ನು ಅಳಿಸಿ, ಆ ಗಡಿಯಾರ ನೂರ ಎಂಬತ್ತೆರಡು ಬಾರಿ ಮಿಡಿಯುವವರೆಗೆ, ಅಂದರೆ ಹತ್ತು ಸೆಕೆಂಡು, ಕಾಯಬೇಕೆಂದು ಬರೆದೆ. ಸಂಜೆಯೊಳಗೆ ಚೀಲಗಳು ಕಂಠಮಟ್ಟ ತುಂಬಿದವು.

ಈಗ ನಾನೂ ಎಣಿಸುವುದಿಲ್ಲ. ಮರುದಿನ ಸಾವಕಾರರು, “ಎರಡನೇ ಬಾಗಲಕ್ಕೂ ಹಿಂಗ ಮಾಡ್ತೀರೇನ್ರಿ?” ಎಂದಾಗ ಗೋಡೆಯ ಗಡಿಯಾರದತ್ತ ಕಣ್ಣೆತ್ತಿದೆ.

“ಯಾಕ್ರಿ, ಈಗಿಂದನ ಮನಿಗಿ ಹೋಗಾಕ ಗಡಿಬಿಡಿ ಏನು?”

ಹತ್ತು ಸೆಕೆಂಡು ಪೂರ್ತಿ ಕಾದು, “ಗಡಿಬಿಡಿ ಏನಿಲ್ರಿ” ಎಂದೆ.