ಹನ್ನೊಂದು ಸಲ ಮನೆಯಲ್ಲೇ ಫೇಲು

ಪದವಿ ಪರೀಕ್ಷೆಯ ಫಲಿತಾಂಶ ಬಂದ ದಿನ ಅವಳ ಅಪ್ಪ ಮೂರನೇ ಮಹಡಿಯಿಂದ ಕೆಳಗಿಳಿದು ಬೀದಿ ಮುಟ್ಟುವಷ್ಟರಲ್ಲಿ ಎದುರು ಸಿಕ್ಕ ಹದಿನಾಲ್ಕು ಜನರಿಗೆ ‘ಮಗಳು ಫಸ್ಟ್‌ಕ್ಲಾಸು’ ಎಂದು ಹೇಳಿದ್ದರು. ಒಬ್ಬಾತನಿಗೆ ಎರಡು ಸಲ ಹೇಳಿದರು. ಮರೆತ ಛತ್ರಿ ತರಲು ಮತ್ತೆ ಮೇಲೆ ಹತ್ತಿದ್ದು ಆತನ ತಪ್ಪು. ಅಂದಿನಿಂದ ಆ ಕಟ್ಟಡದ ಜನ ಅವಳ ಹೆಸರನ್ನು ಮರೆತು ಫಸ್ಟ್‌ಕ್ಲಾಸು ಎಂದೇ ಕರೆಯತೊಡಗಿದರು. ಮೊದಲ ತಿಂಗಳು ಅದು ಬಿರುದಾಗಿತ್ತು. ಮೂರನೇ ತಿಂಗಳಿಗೆ ಕುಶಲಪ್ರಶ್ನೆಯಾಯಿತು. ಆರನೇ ತಿಂಗಳಿಗೆ, ಮೆಟ್ಟಿಲ ಮೇಲೆ ಯಾರಾದರೂ “ಏನಮ್ಮ ಫಸ್ಟ್‌ಕ್ಲಾಸು, ಇನ್ನೂ ಸಿಗ್ಲಿಲ್ವಾ?” ಎಂದರೆ ಅವಳಿಗೆ ಬೈದ ಹಾಗೇ ಕೇಳಿಸುತ್ತಿತ್ತು.

ಸಿಕ್ಕಿರಲಿಲ್ಲ. ಲೋಕದಲ್ಲಿ ಕೆಲಸಗಳಿಗೇನೂ ಬರ ಇರಲಿಲ್ಲ. ಆದರೆ ಪ್ರತಿಯೊಂದು ಕೆಲಸದ ಹೊಸ್ತಿಲಲ್ಲೂ ‘ಎರಡು ವರ್ಷದ ಅನುಭವ’ ಎಂಬ ದ್ವಾರಪಾಲಕ ಗದೆ ಹಿಡಿದು ನಿಂತಿದ್ದ. ಲಕೋಟೆಗೆ ಅಂಟು ಹಚ್ಚುವವರಿಗೆ ಎರಡು ವರ್ಷ. ಫೋನ್ ಎತ್ತಿ ‘ಸಾಹೇಬರು ಇಲ್ಲ’ ಎನ್ನುವವರಿಗೆ ಎರಡು ವರ್ಷ, ಸಾಹೇಬರು ಎದುರಿಗೇ ಕೂತಿದ್ದಾಗ ಹಾಗೆ ಹೇಳಬಲ್ಲವರಿಗೆ ಮೂರು. ಅನುಭವ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಕೆಲಸದಲ್ಲಿ ಎನ್ನುತ್ತಿದ್ದರು. ಇದನ್ನು ಕೇಳಿ ಅಜ್ಜಿ ಕಿಸಕ್ಕನೆ ನಕ್ಕಿದ್ದಳು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನೋ ಗಾದೆಗೆ ಈಗ ಆಫೀಸು ತೆರೆದಿದ್ದಾರೆ ಅನ್ನು ಎಂದಿದ್ದಳು.

ಈ ಬಿಕ್ಕಟ್ಟಿನಿಂದ ಪಾರಾಗಲು ಒಂದೇ ಒಂದು ದಾರಿ ತೆರೆದಿತ್ತು, ಅದು ಸೋದರಮಾವನ ಅಂಗಡಿಯ ದಾರಿ. ಮಾವ ಪ್ಲಾಸ್ಟಿಕ್ ಬಕೆಟ್ ವ್ಯಾಪಾರಿ. ಅವರ ಅಂಗಡಿಯ ಹುಡುಗಿ ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದಳು. ಒಂದನೇ ತಾರೀಕಿನಿಂದ ಆ ಜಾಗಕ್ಕೆ ಸೊಸೆ ಬಂದು ಕೂರತಕ್ಕದ್ದು ಎಂದು ಫೋನಿನಲ್ಲಿ ಅಪ್ಪಣೆಯಾಗಿತ್ತು. ಬಕೆಟ್ ಮಾರೋದಕ್ಕೆ ಅನುಭವ ಬೇಡ, ಗಂಟಲು ಸಾಕು ಎಂಬುದು ಮಾವನ ಸಿದ್ಧಾಂತ. ಒಮ್ಮೆ ಆ ಅಂಗಡಿಗೆ ಕಾಲಿಟ್ಟ ನೆಂಟರು ಹೊರಬಂದ ಇತಿಹಾಸ ಇರಲಿಲ್ಲ. ದೊಡ್ಡಪ್ಪನ ಮಗನೊಬ್ಬ ಒಂದು ವಾರಕ್ಕೆಂದು ಹೋದವನು ಹನ್ನೆರಡು ವರ್ಷದಿಂದ ಮುಚ್ಚಳಗಳ ವಿಭಾಗ ನೋಡಿಕೊಳ್ಳುತ್ತಿದ್ದ. ಫಸ್ಟ್‌ಕ್ಲಾಸಿನ ಕನಸಿನಲ್ಲಿ ಒಂದರೊಳಗೊಂದು ಹೊಕ್ಕ ಬಕೆಟ್ಟುಗಳು ಬರತೊಡಗಿದವು. ಎಲ್ಲಕ್ಕಿಂತ ಒಳಗಿನ ಬಕೆಟ್ಟಿನಲ್ಲಿ ಅವಳೇ ಕೂತಿರುತ್ತಿದ್ದಳು.

ಅಪ್ಪ ಸುಮ್ಮನಿರುವವರ ಪೈಕಿಯಲ್ಲ. ಅವರು ಮೂವತ್ತೊಂದು ವರ್ಷ ದೊಡ್ಡ ಕಚೇರಿಯೊಂದರಲ್ಲಿ ಜವಾನರಾಗಿ, ಸಾಹೇಬರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತು ನಿವೃತ್ತರಾದವರು. ಸಾವಿರಾರು ಸಂದರ್ಶನಗಳಿಗೆ ಹೆಸರು ಕೂಗಿದ್ದರು. ಒಂದನ್ನೂ ಒಳಗಿನಿಂದ ಕಂಡಿರಲಿಲ್ಲ. ಆದರೆ ಬಾಗಿಲ ಹೊರಗಿನಿಂದಲೇ, ಒಳಗೆ ಹೋದವರ ಚಪ್ಪಲಿ ಸದ್ದಿನ ಮೇಲೆ ಯಾರಿಗೆ ಕೆಲಸ ಸಿಗುತ್ತದೆಂದು ಹೇಳಬಲ್ಲೆ ಎಂಬ ಹಮ್ಮು ಅವರಿಗಿತ್ತು. ಅವಳಿಗೆ ಬೇಕಿರುವುದು ಅಭ್ಯಾಸ ಎಂದು ತೀರ್ಮಾನಿಸಿ, ಅವರು ಮನೆಯಲ್ಲೇ ಒಂದು ಸಂದರ್ಶನ ಮಂಡಳಿ ಸ್ಥಾಪಿಸಿದರು.

ಇಸ್ತ್ರಿ ಮೇಜಿನ ಮೇಲೆ ಒಗೆದ ಹಾಸು ಹೊದಿಸಲಾಯಿತು. ನಡುವೆ ಅಧ್ಯಕ್ಷರಾಗಿ ಅಪ್ಪ. ಎಡಕ್ಕೆ ಅಮ್ಮ, ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಅವಳು ಎದುರು ಕೂತವರ ಮುಖ ನೋಡುತ್ತಿರಲಿಲ್ಲ, ಹೊಲಿಗೆ ನೋಡುತ್ತಿದ್ದಳು. ಬಲಕ್ಕೆ ಅಜ್ಜಿ. ತಳ್ಳುಗಾಡಿಯವನು ಎಷ್ಟು ಬೈದರೂ ಒಂದೊಂದು ಬೆಂಡೆಕಾಯಿಯ ತುದಿಯನ್ನೂ ಮುರಿದೇ ಕೊಳ್ಳುವ ಅಜ್ಜಿಗೆ ‘ವಿಷಯ ತಜ್ಞೆ’ ಎಂಬ ಪದವಿ ದಯಪಾಲಿಸಲಾಯಿತು. ಸಂಜೆ ಐದಕ್ಕೆ ಸರಿಯಾಗಿ ಮಗಳು ಮನೆಯಿಂದ ಹೊರಗೆ ಹೋಗಿ, ಮೆಟ್ಟಿಲ ಪಕ್ಕದ ಸ್ಟೂಲಿನಲ್ಲಿ ಕೂರಬೇಕು. ಅಪ್ಪ ಎದ್ದು ಬಂದು ಬಾಗಿಲು ತೆರೆದು, ಖಾಲಿ ಮೆಟ್ಟಿಲುಗಳ ಕಡೆ ನೋಡಿ, ಮೂರು ಮಹಡಿಗೂ ಕೇಳುವಂತೆ ಅವಳ ಹೆಸರು ಕೂಗಬೇಕು.

“ತಾವು ಐದು ವರ್ಷದ ನಂತರ ಎಲ್ಲಿರ್ತೀರಿ?” ಎಂದು ಅಧ್ಯಕ್ಷರು ಕೇಳಿದರು.

“ಇಲ್ಲೇ ಅಪ್ಪ, ಇನ್ನೆಲ್ಲಿಗೆ ಹೋಗ್ಲಿ.”

“ಇಲ್ಲಿ ಅಪ್ಪ ಯಾರೂ ಇಲ್ಲ. ಅಧ್ಯಕ್ಷರು ಅನ್ನಿ.”

ಅಮ್ಮ ಅವಳ ತೋಳಿನ ಅಂಚು ಬಿಟ್ಟಿದ್ದನ್ನು ಗುರುತು ಹಾಕಿಕೊಂಡಳು. ಆಮೇಲೆ ಅಜ್ಜಿಯ ಸರದಿ. ಅಜ್ಜಿಯ ಹತ್ತಿರ ಇದ್ದದ್ದು ಒಂದೇ ಪ್ರಶ್ನೆ.

“ನಿನ್ನೆ ಏನು ಕೆಲಸ ಮಾಡಿದೆ?”

“ಪೇಪರ್ ಓದಿದೆ.”

“ಆಮೇಲೆ?”

“ಮಡಚಿಟ್ಟೆ.”

“ಮಡಚಿದ್ದು ನಾನು,” ಎಂದಳು ಅಜ್ಜಿ, ಅಧ್ಯಕ್ಷರ ಕಡೆ ತಿರುಗಿ. “ಸುಳ್ಳು ಹೇಳ್ತಾಳೆ. ಬೇಡ.”

ಮರುದಿನ ಬೆಳಗ್ಗೆ ಕೆಳಗಿನ ಟಪಾಲು ಡಬ್ಬಿಯಲ್ಲಿ, ಅಪ್ಪನ ದುಂಡು ಅಕ್ಷರದಲ್ಲಿ ಪತ್ರವಿತ್ತು. ತಮ್ಮ ಅರ್ಹತೆ ಶ್ಲಾಘನೀಯವಾದರೂ ಅನುಭವದ ಕೊರತೆಯ ಕಾರಣ ತಮ್ಮನ್ನು ಪರಿಗಣಿಸಲಾಗಿಲ್ಲವೆಂದು ತಿಳಿಸಲು ಮಂಡಳಿ ವಿಷಾದಿಸುತ್ತದೆ. ಹೆತ್ತ ಮಗಳನ್ನು ಹೀಗೆ ಹನ್ನೊಂದು ಸಲ ಫೇಲು ಮಾಡಿದರು. ಒಮ್ಮೆಯಂತೂ ಅಮ್ಮ, ಇವಳಿಗಿಂತ ಮೊದಲು ಬಂದವಳೇ ವಾಸಿ ಎಂದು ಷರಾ ಬರೆದಿದ್ದಳು. ಮೊದಲು ಬಂದಿದ್ದವಳೂ ಇವಳೇ, ಹಿಂದಿನ ದಿನ.

ಅಪ್ಪನ ಕೂಗು ಮೂರು ಮಹಡಿಗೂ ಕೇಳುತ್ತಿತ್ತಷ್ಟೆ. ಕೆಳಗಿನ ಮನೆಯ ಬಸ್ ಡ್ರೈವರನ ಮಗ ಒಂದು ಸಂಜೆ, ನನ್ನನ್ನೂ ಒಂದ್ಸಲ ಫೇಲು ಮಾಡಿ ಅಂಕಲ್ ಎಂದು ಬಂದು ಕೂತ. ಅಜ್ಜಿ ಅವನ ತುದಿ ಮುರಿದು ನೋಡಿ ನಾಲ್ಕು ದಿನ ವಾಪಸು ಕಳಿಸಿದಳು. ಐದನೇ ದಿನ ಹೊರಗೆಲ್ಲೋ ಒಂದು ನಿಜವಾದ ಆಫೀಸಿನವರು ಅವನನ್ನು ತೆಗೆದುಕೊಂಡರು. ಮೂರನೇ ಮಹಡಿ ಅಜ್ಜಿಯನ್ನು ಎದುರಿಸಿದ ಮೇಲೆ ಆ ಸಾಹೇಬರು ಹಾಲು ಕುಡಿಯೋ ಕೂಸಿನ ಹಾಗೆ ಕಂಡರು ಎಂದು ಅವನು ಹೇಳಿದ ಮಾತು ಬೀದಿಯೆಲ್ಲ ಹಬ್ಬಿತು. ವಾರದೊಳಗೆ ಮೆಟ್ಟಿಲ ಮೇಲೆ ಸಾಲು.

ಸಾಲನ್ನು ಸಂಭಾಳಿಸುವ ಕೆಲಸ ಫಸ್ಟ್‌ಕ್ಲಾಸಿಗೆ ಬಂತು. ಚೀಟಿ ಬರೆಯುವುದು, ಒಬ್ಬೊಬ್ಬರನ್ನೇ ಒಳಗೆ ಬಿಡುವುದು, ಗಂಟಲು ಒಣಗಿದವರಿಗೆ ನೀರು, ಅತ್ತುಕೊಂಡು ಹೊರಬಂದವರಿಗೆ ಇನ್ನೊಂದು ಲೋಟ ನೀರು. ಅಷ್ಟರಲ್ಲಿ ಅಜ್ಜಿ ಕಣ್ಣಿನ ಆಪರೇಷನ್ನಿಗೆ ಹೋಗಬೇಕಾಗಿ, ಹದಿನೈದು ದಿನ ಅಜ್ಜಿಯ ಕುರ್ಚಿಯಲ್ಲಿ ಮೊಮ್ಮಗಳೇ ಕೂತಳು, ಅಜ್ಜಿಯ ಪ್ರಶ್ನೆಯನ್ನೇ ಕೇಳಿದಳು. ‘ನಿನ್ನೆ ಏನು ಮಾಡಿದೆ’ ಎಂಬ ಐದು ನಿಮಿಷದ ವಿಚಾರಣೆಯಲ್ಲಿ ಮನುಷ್ಯ ಎಷ್ಟು ಬೆತ್ತಲಾಗುತ್ತಾನೆಂದು ನೋಡಿ ಅವಳಿಗೇ ಸೋಜಿಗವಾಯಿತು.

ಇಪ್ಪತ್ತಾರನೇ ತಾರೀಕಿಗೆ ಅವಳಿಗೊಂದು ಅಸಲಿ ಸಂದರ್ಶನದ ಕರೆ ಬಂತು. ಶಾಲೆಗಳಿಗೆ ಬೆಂಚು ಮಾಡುವ ಕಾರ್ಖಾನೆ, ಕಚೇರಿ ಸಹಾಯಕರ ಹುದ್ದೆ. ‘ಹೊಸಬರಿಗೆ ಸ್ವಾಗತ, ಎರಡು ವರ್ಷದ ಅನುಭವ ಕಡ್ಡಾಯ’ ಎಂದು ಜಾಹೀರಾತಿನಲ್ಲಿ ಒಂದೇ ಉಸಿರಿಗೆ ಹೇಳಿದ್ದರು. ಬಕೆಟ್ಟಿಗೂ ಅವಳಿಗೂ ನಡುವೆ ಉಳಿದಿದ್ದದ್ದು ಇದೊಂದೇ ಬಾಗಿಲು.

ಬೆಂಚಿನ ಕಾರ್ಖಾನೆಯ ಪಡಸಾಲೆಯಲ್ಲಿ ಇದ್ದದ್ದು ಒಂದೇ ಬೆಂಚು, ಅದಕ್ಕೂ ಒಂದು ಕಾಲು ಗಿಡ್ಡ. ಆರು ಜನ ಅಭ್ಯರ್ಥಿಗಳು ಬಾಗಿಲ ಬಳಿ ಮುತ್ತಿಕೊಂಡು, ನಾನು ಮೊದಲು ನೀನು ಮೊದಲು ಎಂದು ಮೊಣಕೈ ಯುದ್ಧದಲ್ಲಿದ್ದರು. ಫಸ್ಟ್‌ಕ್ಲಾಸಿನ ಕೈ ತಡೆಯಲಿಲ್ಲ. ಚೀಲದಿಂದ ಕಾಗದ ತೆಗೆದು ಹರಿದು, ಬಂದ ಕ್ರಮದಲ್ಲಿ ಚೀಟಿ ಹಂಚಿ, ಬೆಂಚಿನ ಗಿಡ್ಡ ಕಾಲಿಗೆ ಮಡಚಿದ ರಟ್ಟು ಕೊಟ್ಟು, ಎಲ್ಲರನ್ನೂ ಕೂರಿಸಿದಳು. ತನಗೆ ಏಳನೇ ಚೀಟಿ ಇಟ್ಟುಕೊಂಡಳು. ಆದರೆ ಈ ಗದ್ದಲ ಇದ್ದಕ್ಕಿದ್ದಂತೆ ಅಡಗಿದ್ದನ್ನು ಕಂಡು ಬಾಗಿಲು ತೆರೆದ ಮ್ಯಾನೇಜರು, ನಿಂತಿದ್ದವಳು ಅವಳೊಬ್ಬಳೇ ಆದ್ದರಿಂದ, ಅವಳನ್ನೇ ಮೊದಲು ಒಳಗೆ ಕರೆದರು.

ಮ್ಯಾನೇಜರು ಎಂದರೆ ಮಾಲೀಕರ ತಂಗಿಯ ಮಗ, ಎಳೆ ಮೀಸೆಯವನು. ಆ ಕುರ್ಚಿಗೆ ಬಂದು ಎಂಟು ದಿನವಾಗಿತ್ತು. ಪ್ರಶ್ನೆಗಳ ಹಾಳೆಯನ್ನು ತಲೆಕೆಳಗಾಗಿ ಹಿಡಿದಿದ್ದ. ಅವನು ಗಂಟಲು ಸರಿಮಾಡಿಕೊಂಡು, ನಿಮಗೆ ಎಷ್ಟು ಸಂಬಳ ಬೇಕು, ನಿಮ್ಮ ಹೆಸರೇನು ಎಂದು ಆ ಕ್ರಮದಲ್ಲೇ ಕೇಳಿದ.

“ಸರ್, ಹೆಸರು ಮೊದಲು ಕೇಳ್ಬೇಕು,” ಎಂದಳು ಅವಳು, ಮೆಲ್ಲಗೆ. “ಸಂಬಳ ಕೊನೇಗೆ. ಇಲ್ಲಾಂದ್ರೆ ನಡುವೆ ಮಾತಾಡೋಕೆ ಏನೂ ಉಳಿಯಲ್ಲ.”

ಅವನು ಹಾಳೆ ಕೆಳಗಿಟ್ಟ. ಇದೇ ಮೊದಲ ಸಲ ಸಂದರ್ಶನ ಮಾಡುತ್ತಿರುವುದು ಎಂದು ಒಪ್ಪಿಕೊಂಡ. ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲವಂತೆ. ಉಳಿದ ಆರು ಜನರನ್ನು ಕೇಳುವಾಗ ಪಕ್ಕದಲ್ಲಿ ಕೂರಬಹುದೇ ಎಂದು ಬೇಡಿಕೊಂಡ. ಹೀಗೆ, ಜಗತ್ತಿನ ಸಂದರ್ಶನಗಳ ಚರಿತ್ರೆಯಲ್ಲಿ ಅಪರೂಪಕ್ಕೆಂಬಂತೆ, ಕೆಲಸ ಕೇಳಲು ಹೋದವಳು ಮೇಜಿನ ಆಚೆ ಬದಿಗೆ ದಾಟಿ ತನ್ನ ವೈರಿಗಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸತೊಡಗಿದಳು.

ಮೊದಲನೆಯವನು ತನ್ನ ನಾಯಕತ್ವದ ಗುಣಗಳನ್ನು ಬಣ್ಣಿಸಿದ. ನಿನ್ನೆ ಏನು ಮಾಡಿದಿರಿ ಎಂದರೆ ನಿನ್ನೆ ಭಾನುವಾರ ಎಂದ. ಆದರೆ ನಿನ್ನೆ ಭಾನುವಾರವಾಗಿರಲಿಲ್ಲ. ಎರಡನೆಯವಳು, ಮೂರನೆಯವನು ಇನ್ನಷ್ಟು ಸುಲಭವಾಗಿ ಉದುರಿದರು. ನಾಲ್ಕನೆಯವನು ನಲವತ್ತು ದಾಟಿದ ಬೋಳುತಲೆಯವ. ಮರದ ಗೋದಾಮಿನ ಕಚೇರಿಯಲ್ಲಿ ಒಂಬತ್ತು ವರ್ಷ ದುಡಿದಿದ್ದ, ಗೋದಾಮು ಕೈ ಬದಲಾದಾಗ ಹೊರಬಿದ್ದಿದ್ದ.

“ನಿನ್ನೆನಾ? ಬೆಳಗ್ಗೆ ಮನೆ ನಲ್ಲಿಗೆ ವಾಷರ್ ಹಾಕಿದೆ. ಮಧ್ಯಾಹ್ನ ಹಳೇ ಆಫೀಸಿಗೆ ಹೋಗಿ ಯಾವ ಫೈಲು ಎಲ್ಲಿದೆ ಅಂತ ಹೊಸಬನಿಗೆ ತೋರಿಸ್ಕೊಟ್ಟು ಬಂದೆ. ದುಡ್ಡಿಗಲ್ಲಮ್ಮ, ಪಾಪ, ಅವನು ಫೋನಲ್ಲಿ ಅಳ್ತಿದ್ದ.”

ಫಸ್ಟ್‌ಕ್ಲಾಸು ಅವನ ಅರ್ಜಿಯ ಮೂಲೆ ಮಡಚಿಟ್ಟಳು. ಐದು, ಆರು ಮುಗಿದವು. ಮ್ಯಾನೇಜರು ಪೆನ್ನು ಹಿಡಿದು, ಯಾರನ್ನು ತಗೊಳ್ಳೋಣ ಎಂದು ಶಿಷ್ಯನಂತೆ ಅವಳ ಮುಖ ನೋಡಿದ. ದೂರದಲ್ಲೆಲ್ಲೋ ಬಕೆಟ್ಟಿನೊಳಗೆ ಬಕೆಟ್ಟು ಹೋಗುವ ಸದ್ದು ಅವಳೊಬ್ಬಳಿಗೆ ಕೇಳಿಸಿತು. ನಾಲಿಗೆಯ ತುದಿಗೆ ತನ್ನ ಹೆಸರೇ ಬಂದಿತ್ತು. ಅಜ್ಜಿಯ ಕುರ್ಚಿಯಲ್ಲಿ ಕೂತ ಹದಿನೈದು ದಿನದ ಪಾಪ ಅಡ್ಡ ಬಂತು.

“ನಾಲ್ಕನೆಯವರು,” ಎಂದಳು.

“ಮತ್ತೆ ನೀವು?”

“ನನಗೆ ಅನುಭವ ಇಲ್ಲ ಸರ್.”

ಮನೆಯಲ್ಲಿ ಇದನ್ನು ಹೇಳಿದಾಗ ಅಮ್ಮನ ಕತ್ತರಿ ಅರ್ಧ ಬಟ್ಟೆಯಲ್ಲಿ ನಿಂತಿತು. ಅಪ್ಪ, ಬೆಳಗ್ಗೆಯೇ ಮೆಟ್ಟಿಲ ಮೇಲೆ ಒಂಬತ್ತು ಜನರಿಗೆ ಸುದ್ದಿ ಹೇಳಿಬಿಟ್ಟಿದ್ದವರು, ಆ ಸಂಜೆ ಹಾಲು ತರಲು ಕೆಳಗಿಳಿಯಲಿಲ್ಲ. ಕಪ್ಪು ಕನ್ನಡಕ ಹಾಕಿ ಮಲಗಿದ್ದ ಅಜ್ಜಿ ಮಾತ್ರ ತೀರ್ಪು ಕೊಟ್ಟಳು.

“ಸರಿಯಾದವನನ್ನೇ ಆರಿಸಿದ್ದಾಳೆ. ಬುದ್ಧಿ ಇದೆ. ಬದುಕೋ ಬುದ್ಧಿ ಒಂದು ಇಲ್ಲ.”

ಮಾವ ಫೋನು ಮಾಡಿ, ಒಂದನೇ ತಾರೀಕು ಬರುವಾಗ ಕೂರಲು ದಿಂಬು ತಂದುಕೊಳ್ಳಲು ಹೇಳಿದರು. ಫಸ್ಟ್‌ಕ್ಲಾಸು ದಿಂಬಿಗೆ ಗವಸು ಹಾಕಿದಳು.

ಮೂವತ್ತನೇ ತಾರೀಕು ಸಂಜೆ ಮಂಡಳಿ ಎಂದಿನಂತೆ ಸೇರಿತ್ತು. ಅಜ್ಜಿ ಕಪ್ಪು ಕನ್ನಡಕದಲ್ಲೇ ಹಾಜರಾಗಿದ್ದಳು, ಮೊಮ್ಮಗಳು ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡಿದ್ದಳು. ಬೆಂಚಿನ ಕಾರ್ಖಾನೆಯ ಮ್ಯಾನೇಜರು, ಅರ್ಜಿಯಲ್ಲಿದ್ದ ವಿಳಾಸ ಹಿಡಿದು, ಏದುಸಿರು ಬಿಡುತ್ತ ಮೂರನೇ ಮಹಡಿ ಹತ್ತಿ ಬಂದ. ಚೀಟಿ ಹಂಚುತ್ತಿದ್ದ ಡ್ರೈವರನ ಮಗ ಮೂರನೇ ನಂಬರು ಕೊಟ್ಟು ಅವನನ್ನು ಸಾಲಿನಲ್ಲಿ ಕೂರಿಸಿದ.

“ನಾನು ಮ್ಯಾನೇಜರು,” ಎಂದ ಅವನು.

“ಆಗ್ತೀರಿ, ಆಗ್ತೀರಿ. ಮೊದಲು ಕೂತ್ಕೊಳ್ಳಿ.”

ಅರ್ಧ ಗಂಟೆಯ ನಂತರ ಅಪ್ಪ ಬಂದು ಮೂರನೇ ನಂಬರು ಕೂಗಿದರು. ಒಳಗೆ ಬಂದವನನ್ನು ಕಂಡು ಫಸ್ಟ್‌ಕ್ಲಾಸು ಎದ್ದು ನಿಂತಳು. ಅವನು ಮಾತ್ರ ಹಾಸು ಹೊದ್ದ ಮೇಜು, ಕಪ್ಪು ಕನ್ನಡಕ ಎಲ್ಲ ನೋಡಿ ತಾನಾಗಿಯೇ ಅಭ್ಯರ್ಥಿಯ ಕುರ್ಚಿಯಲ್ಲಿ ಕುಸಿದ. ಅವನು ಹೇಳಿದ ಕಥೆ ಇಷ್ಟು. ನಾಲ್ಕನೆಯವರು ಬಂದರು. ಎರಡು ದಿನ ಪಡಸಾಲೆ, ಮೇಜು, ಬೀರು ಎಲ್ಲ ಚೊಕ್ಕ ಮಾಡಿದರು. ಮೂರನೇ ದಿನ ಉಗ್ರಾಣದ ಬಾಗಿಲು ತೆಗೆದರು. ಒಳಗೆ ಮೂರು ವರ್ಷದಿಂದ ಯಾರೂ ಬಿಚ್ಚದ ಕಾಗದಪತ್ರದ ಚೀಲಗಳು, ಎದೆಯೆತ್ತರಕ್ಕೆ. ಅವರು ಅದನ್ನು ನೋಡಿ ಸಣ್ಣಗೆ ನಕ್ಕು, ಬಾಗಿಲು ಹಾಕಿ, ಕೈ ಮುಗಿದು, ಇಂಥ ಚೀಲಗಳನ್ನು ಜೀವಮಾನದಲ್ಲಿ ಒಂದು ಸಲ ಕಂಡಿದ್ದೇನೆ, ಎರಡನೇ ಸಲ ಆಗಲ್ಲ ಎಂದು ಹೇಳಿ ಹೊರಟುಹೋದರು. ಅನುಭವ ಎಂದರೆ ಇದು. ಅನುಭವ ಇರುವವನು ಯಾವಾಗ ಓಡಬೇಕೆಂದು ಬಲ್ಲ.

“ಅದಕ್ಕೇ,” ಎಂದ ಮ್ಯಾನೇಜರು, “ಅಂಥ ಚೀಲ ಯಾವತ್ತೂ ನೋಡದೇ ಇರೋರು ಬೇಕು. ಅನುಭವ ಸ್ವಲ್ಪಾನೂ ಇರಬಾರದು.”

“ನಿನಗೆ ಎಷ್ಟಿದೆ ಅನುಭವ?” ಎಂದು ಕಪ್ಪು ಕನ್ನಡಕ ಕೇಳಿತು.

“ಹನ್ನೆರಡು ದಿನ ಅಜ್ಜಿ.”

“ನಿನ್ನೆ ಏನು ಕೆಲಸ ಮಾಡಿದೆ?”

ಅವನು ನೆಲ ನೋಡಿದ. ಮೀಸೆ ಇನ್ನಷ್ಟು ಎಳೆಯದಾಯಿತು.

“ಏನೂ ಇಲ್ಲ. ಒಂದು ಚೀಲ ಬಿಚ್ಚಿದೆ. ಮತ್ತೆ ಕಟ್ಟಿದೆ. ಅದರ ಮೇಲೆ ಕೂತಿದ್ದೆ.”

ಫಲಿತಾಂಶ ತಿಳಿಸುವವರೆಗೆ ಹೊರಗಿರಿ ಎಂದು ಅಧ್ಯಕ್ಷರು ಅವನನ್ನು ಕಳಿಸಿದರು. ಒಳಗೆ ಸಮಾಲೋಚನೆ ನಡೆಯಿತು. ಅಂಗಿಯ ಎರಡನೇ ಗುಂಡಿಗೆ ಬೇರೆ ಬಣ್ಣದ ದಾರ, ಗಂಟು ಹೊರಗೆ ಬಿದ್ದಿದೆ. ಆದರೆ ಅವನೇ ಹೊಲಿದುಕೊಂಡಿದ್ದಾನೆ, ಇನ್ನೊಬ್ಬರ ಕೈಗೆ ಕೊಟ್ಟಿಲ್ಲ ಎಂದು ಅಮ್ಮ ವರದಿ ಮಾಡಿದಳು. ಎಳೇದು, ಬಲಿತಿಲ್ಲ, ತಗೋಬಹುದು ಎಂದಳು ಅಜ್ಜಿ. ಚಪ್ಪಲಿ ಸದ್ದು ಸುಮಾರು, ಪರೀಕ್ಷಾರ್ಥವಾಗಿ ಮೂರು ತಿಂಗಳು ನೋಡಿ ಕಾಯಂ ಮಾಡಬಹುದು ಎಂದರು ಅಪ್ಪ. ಆಮೇಲೆ ಮೂವರೂ ನಾಲ್ಕನೇ ಕುರ್ಚಿಯ ಕಡೆ ನೋಡಿದರು.

ಫಸ್ಟ್‌ಕ್ಲಾಸು ಎದ್ದು ಬಾಗಿಲ ಬಳಿ ಹೋದಳು. ಹೊರಗೆ ಸ್ಟೂಲಿನ ಮೇಲೆ ಮ್ಯಾನೇಜರು ಮುದುಡಿ ಕೂತಿದ್ದ. ಪಕ್ಕದವರು ಯಾರೋ ಅವನಿಗೆ ನೀರಿನ ಲೋಟ ಕೊಟ್ಟು, ಮೊದಲ ಸಲ ಎಲ್ಲರಿಗೂ ಹೀಗೇ, ಅಜ್ಜಿ ಮಾತು ಮನಸ್ಸಿಗೆ ಹಚ್ಕೋಬೇಡಿ ಎಂದು ಸಮಾಧಾನ ಮಾಡುತ್ತಿದ್ದರು. ಅವಳನ್ನು ಕಂಡು ಅವನು ಲೋಟ ಹಿಡಿದುಕೊಂಡೇ ಎದ್ದು ನಿಂತ.

“ನಾಳೆ ಒಂಬತ್ತಕ್ಕೆ ಬರ್ತೀನಿ,” ಎಂದಳು ಅವಳು. “ಉಗ್ರಾಣದ ಬೀಗದ ಕೈ ಯಾರ ಹತ್ತಿರ ಇರತ್ತೆ?”

“ನನ್ನ ಹತ್ತಿರಾನೇ.”

“ಹಾಗಿದ್ರೆ ನೀವು ಎಂಟೂ ಮುಕ್ಕಾಲಿಗೇ ಬಂದ್ಬಿಡಿ ಸರ್.”