ತಟ್ಟಿ ಅಳೆದ ಸೇರು

ಮೊನ್ನೆ ಸೊಸೆ ಹೊಸ ಡಬ್ಬಿಗೆ ಅಕ್ಕಿ ಸುರಿಯುತ್ತಿದ್ದಳು. ಬಾಯಿಯವರೆಗೆ ತುಂಬಿದರೂ ಚೀಲದಲ್ಲಿ ಅಕ್ಕಿ ಉಳಿಯಿತು. ಡಬ್ಬಿಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದಳು; ಅಕ್ಕಿ ಕೆಳಗಿಳಿದು ಮತ್ತೆ ಜಾಗವಾಯಿತು. ಆ ಸದ್ದಿಗೆ ಪಕ್ಕದ ಮನೆಯ ಅಕ್ಕ ನೆನಪಾದರು...

ಎರಡನೇ ಮಹಾಯುದ್ಧದ ಕಾಲ ಅದು. ಶಿವಮೊಗ್ಗದ ಕೋಟೆ ಕೇರಿಯಿಂದ ಮದುವೆಯಾಗಿ ಭದ್ರಾವತಿಗೆ ಬಂದಿದ್ದೆ. ಕಾರ್ಖಾನೆ ಕೆಲಸಗಾರರ ಸಾಲುಮನೆಗಳಲ್ಲಿ ನಮ್ಮದೊಂದು, ಗೋಡೆಯಾಚೆ ಅಕ್ಕನದು. ಹೊಸ ಊರಿನಲ್ಲಿ ನನಗೆ ಅವರೇ ತವರು.

ಅಕ್ಕಿ ರೇಷನ್ ಡಿಪೋದಲ್ಲಿ ಮಾತ್ರ ಸಿಗುತ್ತಿತ್ತು. ಡಿಪೋದವನು ಅದನ್ನು ಸೇರಿಗೆ ಹಗುರಾಗಿ ಉದುರಿಸಿ, ಅಲ್ಲಾಡಿಸದೆ, ಮೇಲೆ ಕೈಯಾಡಿಸಿ ಕೊಡುತ್ತಿದ್ದ. ಕಾಳು ಅಡ್ಡಾದಿಡ್ಡಿ ಬಿದ್ದು ಒಳಗೆಲ್ಲ ಸಂದು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಕ್ಕನ ಮಗಳು ಬಾಣಂತನಕ್ಕೆ ಬಂದವಳು ತೆಳು ಗಂಜಿಯಲ್ಲೇ ದಿನ ದೂಡುತ್ತಿದ್ದಳು. ಅದಕ್ಕೇ ಇರಬೇಕು, ಒಂದು ದಿನ ಅಕ್ಕ ಸೇರನ್ನು ತಾವೇ ಹಿಡಿದು ಕಟ್ಟೆಗೆ ತಟ್ಟಿದರು. ಅಕ್ಕಿ ಬೆರಳಗಲ ಇಳಿಯಿತು. ಮತ್ತೆ ತಟ್ಟಿದರು, ಇನ್ನೊಂದಿಷ್ಟು ಇಳಿಯಿತು. ಆಮೇಲೆ ಎಷ್ಟು ತಟ್ಟಿದರೂ ಇಳಿಯಲಿಲ್ಲ.

“ಈಗ ತುಂಬಪ್ಪ. ಇದು ಸೇರು.”

“ಹೀಗೆ ತಟ್ಟಿ ಕೊಟ್ರೆ ಕೊನೇವ್ರಿಗೆ ಸಾಲಲ್ಲ ಕಣಮ್ಮ,” ಅಂದ ಡಿಪೋದವನು.

ಸಾಲಿನಲ್ಲಿದ್ದವರೆಲ್ಲ ಅಕ್ಕನ ಪರ ಗದ್ದಲವೆಬ್ಬಿಸಿದರು. ಅವನು ಎಲ್ಲರಿಗೂ ತಟ್ಟಿಯೇ ಅಳೆದ. ಅಕ್ಕಿ ಮುಗಿಯಿತು, ಸಾಲು ಮುಗಿಯಲಿಲ್ಲ. ಖಾಲಿ ಚೀಲ ಹಿಡಿದವರು ಅವನನ್ನು ಬಿಟ್ಟು ಅಕ್ಕನನ್ನು ಬೈಯತೊಡಗಿದರು. ಕಂಕುಳಲ್ಲಿ ಮಗುವಿದ್ದ ಒಬ್ಬ ತಮಿಳು ಹೆಂಗಸು ಮಾತ್ರ ತಿರುಗಿ ಹೊರಡುತ್ತಿದ್ದಳು. ಅಕ್ಕ ತಮ್ಮ ಅಕ್ಕಿಯಲ್ಲಿ ಅರ್ಧವನ್ನು ಅವಳ ಸೆರಗಿಗೆ ಸುರಿದರು. ಮಿಕ್ಕವರಿಗೆ ಕೊಡಲು ಏನಿತ್ತು?

ಅಲ್ಲಿಂದ ಮುಂದೆ ನಲ್ಲಿಯ ಹತ್ತಿರ ಅಕ್ಕ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ಡಿಪೋದವನು ಮತ್ತೆ ಹಗುರಾಗಿಯೇ ಅಳೆಯತೊಡಗಿದ. ಅಕ್ಕನೂ ಸೇರು ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಒರಳಿನ ಮುಂದೆ ಕೂತು ಕೇಳಿದರು, “ಅವ್ನು ತನಗೆ ಉಳಿಸ್ಕೊಳ್ತಿದ್ನೋ, ಇಲ್ಲಾ ಎಲ್ರಿಗೂ ಒಂದೊಂದು ಹಿಡಿ ಸಿಗ್ಲಿ ಅಂತ ಹಾಗೆ ಅಳೀತಿದ್ನೋ? ನಿಂಗೇನನ್ಸುತ್ತೆ ಹೇಳೆ ಮಾರಾಯ್ತಿ.”

“ನೀವು ಕೇಳಿದ್ದು ನ್ಯಾಯಾನೇ ಅಕ್ಕ.”

“ಅದಲ್ಲ ನಾನು ಕೇಳಿದ್ದು,” ಅಂದು ಒರಳಿಗೆ ಕೈ ಹಾಕಿದರು.

ಆ ವರ್ಷವೇ ಅವರ ಸಂಸಾರ ಶಿವಮೊಗ್ಗಕ್ಕೆ, ಸವಳಂಗ ರಸ್ತೆಯ ಕಡೆಗೆ ಹೋಯಿತು. ಅಕ್ಕ ತೀರಿಕೊಂಡದ್ದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ... ಡಿಪೋದವನೂ ಈಗಿಲ್ಲ. ಅವನ ಮನಸ್ಸಿನಲ್ಲಿ ಏನಿತ್ತೆಂದು ಹೇಳುವವರು ಯಾರೂ ಉಳಿದಿಲ್ಲ. ಆದರೂ ಅಕ್ಕ ಒಮ್ಮೆ ಎದುರಿಗೆ ಬಂದು ಮತ್ತೆ ಅದನ್ನೇ ಕೇಳಬಾರದೇ ಅನ್ನಿಸುತ್ತದೆ.