ನರ್ಸಬಾಯಿ ತಂದ ಕಾಟಾ

ಯಾರ ಮನೆಗೆ ಹೋದರೂ ಶಾಂತಾಬಾಯಿ ಮೊದಲು ಕೈ ಹಾಕುತ್ತಿದ್ದುದು ರೊಟ್ಟಿ ಬುಟ್ಟಿಗೆ. ಬಸುರಿಯ ನಾಡಿ, ಹೊಟ್ಟೆ ಎಲ್ಲ ಆಮೇಲೆ. ಮೇಲಿನ ಅರಿವೆ ಸರಿಸಿ, "ಇದರಾಗ ಈಕಿ ಪಾಲಿನ್ವು ಎಷ್ಟ ಅದಾವ್ರಿ?" ಎಂದು ಕೇಳುವರು. ಅತ್ತೆಯಂದಿರು ಉರಿದು ಬೀಳುತ್ತಿದ್ದರು. ಉರಿದರೆ ಉರಿಯಲಿ ಎಂದು ಶಾಂತಾಬಾಯಿ ಅಲ್ಲೇ ಒಲೆಯ ಮುಂದೆ ಕೂತುಬಿಡುತ್ತಿದ್ದರು.

ಎಂಬತ್ತರ ದಶಕದ ಮಾತು. ಅವರು ಸರಕಾರಿ ದವಾಖಾನೆಯ ನರ್ಸಬಾಯಿ. ನಮ್ಮ ಕರೋಶಿ ಸುತ್ತಿನ ಹಳ್ಳಿಗಳ ಸೂಲಗಿತ್ತಿಯರನ್ನು ಕೂಡಿಸಿ, ಬಸುರಿಯರನ್ನು ತೂಗುವುದನ್ನು, ಅವರಿಗೆ ಊಟ ಹೇಳುವುದನ್ನು ಕಲಿಸುತ್ತಿದ್ದರು. ಆ ಸೂಲಗಿತ್ತಿಯರಲ್ಲಿ ನನ್ನ ಅತ್ತೆ ಗಂಗವ್ವನವರೇ ಹಿರಿಯರು. ಏಳು ತಿಂಗಳು ತುಂಬುತ್ತಲೇ ಬಸುರಿಯ ರೊಟ್ಟಿ ಅರ್ಧ ಮಾಡಬೇಕು, ಕೂಸು ಸಣ್ಣದಿದ್ದರೆ ಹೆರಿಗೆ ಹಗುರ ಎಂಬುದು ಅತ್ತೆಯ ಕಾನೂನು. ಕಬ್ಬು, ದ್ರಾಕ್ಷಿ ಬೆಳೆಯುವ ದೊಡ್ಡ ಮನೆಗಳಲ್ಲಿ ಇದರ ಉಲ್ಟಾ. ಅಲ್ಲಿ ಬಸುರಿಯನ್ನು ಕೂಡಿಸಿ ತುಪ್ಪ ಸುರಿಯುತ್ತಿದ್ದರು.

"ಇಬ್ಬರ ಊಟಾನೂ ಬ್ಯಾಡ, ಅರ್ಧ ಊಟಾನೂ ಬ್ಯಾಡ. ತಿಂಗಳಾ ತಿಂಗಳಾ ತೂಗ್ರಿ, ಕಾಟಾ ಹೇಳಿದ್ದ ಕೇಳ್ರಿ." ಶಾಂತಾಬಾಯಿಯ ಪಾಠ ಇಷ್ಟೇ. ತೂಗುವ ಯಂತ್ರಕ್ಕೆ ನಮ್ಮ ಕಡೆ ಕಾಟಾ ಎನ್ನುತ್ತಾರೆ. ಅತ್ತೆ ಅಲ್ಲಿ ಹೂಂ ಎಂದು ಬಂದು, ಮನೆಯಲ್ಲಿ ತಮ್ಮದೇ ನಡೆಸಿದರು. ಆಗ ಬಸುರಿ ನಾನೇ. ಹಸಿವಿಗೆ ಗೋಡೆ ಹಿಡಿದು ನಡೆಯುತ್ತಿದ್ದೆ. ಕೇಳಿ ಉಣ್ಣುವ ಧೈರ್ಯ ಯಾವ ಸೊಸೆಗಿತ್ತು?

ಒಂದು ದಿನ ಶಾಂತಾಬಾಯಿ ಬಂದು ನನ್ನನ್ನು ಕಾಟಾದ ಮೇಲೆ ನಿಲ್ಲಿಸಿದರು. ಮುಳ್ಳು ಹಿಂದಿನ ತಿಂಗಳಿಗಿಂತ ಕೆಳಗಿತ್ತು.

"ಹೊಟ್ಟಿ ಬೆಳದೈತಿ, ತೂಕ ಇಳದೈತಿ. ಇದೇನ್ರಿ ಗಂಗವ್ವಾ?"

"ನಿಮ್ಮ ಕಾಟಾ ಸುಳ್ಳ ಐತಿ," ಎಂದರು ಅತ್ತೆ.

ಕಬ್ಬಿನ ನಾಡಿನಲ್ಲಿ ಈ ಮಾತಿಗೆ ಎದುರಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗಿಸಿದವರೆಲ್ಲ ಕಾಟಾ ಎಂದರೆ ಮೋಸವೆಂದೇ ನಂಬಿದ್ದರು. ಮಾವ ಎದ್ದು ಹೋಗಿ ನಮ್ಮ ಗಾಣದಿಂದ ಹತ್ತು ಕಿಲೋದ ಬೆಲ್ಲದ ಅಚ್ಚು, ಪೆಂಟಿ, ಹೊತ್ತು ತಂದರು. ಅದನ್ನಿಟ್ಟು ಪರೀಕ್ಷೆ ಮಾಡುವುದಂತೆ. "ಇಡ್ರಿ, ಬೇಕಾದ್ರ ಇನ್ನೊಂದ ತರ್ರಿ," ಎಂದು ಶಾಂತಾಬಾಯಿ ಸೆರಗು ಸಿಕ್ಕಿಸಿ ನಿಂತರು. ಮುಳ್ಳು ಸರಿಯಾಗಿ ಹತ್ತಕ್ಕೆ ಬಂದು ನಿಂತಿತು. ಮಾವ ಬಾಗಿ ನೋಡಿ, "ಕಾಟಾ ಖರೇ ಐತಿ," ಎಂದರು.

"ಹಂಗಾರ ಸುಳ್ಳ ಇದ್ದದ್ದು ನಿಮ್ಮ ಬುಟ್ಟಿ," ಎಂದರು ಶಾಂತಾಬಾಯಿ. "ಈಕಿ ಉಣ್ಣೂತನಾ ನಾ ಏಳಂಗಿಲ್ಲ. ಬಸ್ ಹೋದ್ರ ಹೋಗ್ಲಿ."

ಅತ್ತೆಯೇ ಬಡಿಸಿದರು. ರೊಟ್ಟಿ, ಬೇಳೆ, ಮೊಸರು. ತಾಟು ಖಾಲಿಯಾದ ಮೇಲೆ ಇನ್ನೊಂದು ರೊಟ್ಟಿ ಬೇಕು ಎಂದೆ. ಮದುವೆಯಾಗಿ ಬಂದ ಮೇಲೆ ನಾನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಆ ಧೈರ್ಯಕ್ಕೆ ಇವತ್ತಿಗೂ ನನಗೆ ಹೆಮ್ಮೆಯಿದೆ.

ಮಗಳು ಗುಂಡಗುಂಡಗೆ ಹುಟ್ಟಿದಳು. ಹೆರಿಗೆ ಅತ್ತೆಯ ಕೈಯಲ್ಲೇ, ಯಾವ ತೊಂದರೆಯೂ ಇಲ್ಲದೆ ಆಯಿತು. ಸೋತೆ ಎನ್ನುವ ಹೆಂಗಸಲ್ಲ ಅವರು. ಆದರೆ ಅಂದಿನಿಂದ ಊರಿನ ಯಾವ ಬಸುರಿಯ ರೊಟ್ಟಿಯನ್ನೂ ಅರ್ಧ ಮಾಡಿಸಲಿಲ್ಲ.

ಕೆಲವು ವರ್ಷಗಳ ಮೇಲೆ ಊರ ಹಿರಿಯರೊಬ್ಬರು, ನರ್ಸಬಾಯಿ ಸೊಸೆಯಂದಿರಿಗೆ ಎದುರು ಮಾತು ಕಲಿಸುತ್ತಾಳೆಂದು ಮೇಲಿನವರಿಗೆ ದೂರು ಕೊಟ್ಟರು. ಶಾಂತಾಬಾಯಿಗೆ ಐಗಳಿ ಕಡೆ ವರ್ಗವಾಯಿತು. ಹೊರಟ ದಿನ ನಾನು, ಅತ್ತೆ ಬಸ್ಸಿನವರೆಗೆ ಹೋದೆವು. ಶಾಂತಾಬಾಯಿಯ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಜಗ್ಗಿರಲಿಲ್ಲ. ಊರಿಗೆಂದು ಬಂದಿದ್ದ ಕಾಟಾವನ್ನು ಅತ್ತೆಯ ಕೈಗಿಟ್ಟರು.

"ಯಾರರ ಜಗಳಾ ತಗದ್ರ ನರ್ಸಬಾಯಿ ಹೇಳ್ಯಾಳ ಅನ್ರಿ. ಬೈಗಳಾ ನನಗ ಬರ್ಲಿ."

ಅತ್ತೆ ಕಾಟಾವನ್ನು ಸೊಂಟಕ್ಕೇರಿಸಿಕೊಂಡರು. "ನಿಮ್ಮ ಹೆಸರ ಯಾಕ್ರಿ ಬಾಯಾರ? ಗಂಗವ್ವ ಹೇಳ್ಯಾಳ ಅಂತೀನಿ. ಯಾರ ಬರ್ತಾರ ಬರ್ಲಿ."

ಶಾಂತಾಬಾಯಿಯನ್ನು ನಾನು ಕಂಡದ್ದು ಅದೇ ಕೊನೆ. ಬಸ್ಸು ಹೋದ ಮೇಲೆ ಅತ್ತೆ ನಮ್ಮ ಮನೆಯ ದಾರಿ ಹಿಡಿಯಲಿಲ್ಲ. ನೆಟ್ಟಗೆ ದೂರು ಕೊಟ್ಟ ಆ ಹಿರಿಯರ ಮನೆಗೇ ನಡೆದರು. ಅವರ ಕಿರಿಯ ಸೊಸೆ ಆಗ ಬಸುರಿ.